ದುರುಗಮ್ಮ ಹಾಸಿದ ಕಂಬಳಿ

ಕವಿತಾಳದ ಆಚೆಯ ಆ ಊರಿನಲ್ಲಿ ದುರುಗಮ್ಮನನ್ನು ಕಂಡರೆ ಈಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಆ ಮರ್ಯಾದೆಯೇ ಅವಳಿಗೆ ಸಾಕಾಗಿಹೋಗಿದೆ. ಅರವತ್ತು ದಾಟಿದ ಹೆಂಗಸು. ತವರು ದೇವದುರ್ಗದ ಕಡೆ. ಮದುವೆಯಾದಾಗಿನಿಂದ ಕುರಿಹಿಂಡಿನ ಹಿಂದೆಯೇ ಬದುಕು. ಗಂಡ ಮುದುಕಪ್ಪ ಹೆಚ್ಚು ಮಾತಿನವನಲ್ಲ, ಆದರೆ ಕೊಟ್ಟ ಮಾತಿಗೆ ತಪ್ಪಿದವನೂ ಅಲ್ಲ. ಇಂಥವರನ್ನು ಊರು ಹೊಗಳುತ್ತದೆ, ಕಾಪಾಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಕಾಲುವೆ ನೀರಿನ ಪಾಳಿಗಾಗಿ ಮೇಲಿನ ಓಣಿ, ಕೆಳಗಿನ ಓಣಿ ಬಡಿದಾಡಿಕೊಂಡು ಊರು ಎರಡಾಯಿತು. ಚಹದಂಗಡಿ ಎರಡು, ಹಿಟ್ಟಿನ ಗಿರಣಿ ಎರಡು, ಮಾನ್ವಿ ಬಸ್ಸಿಗೆ ಕೈ ಮಾಡುವ ಜಾಗವೂ ಎರಡು. ಡ್ರೈವರ್ ಬೈಯುತ್ತ ಎರಡೆರಡು ಸಲ ಬ್ರೇಕ್ ಹಾಕುತ್ತಿದ್ದ.

ಜಗಳ ಹೊತ್ತಿಕೊಂಡ ವಾರವೇ ಮೇಲಿನ ಓಣಿಯವನಾದ ಮುದುಕಪ್ಪ ಕೆಳಗಿನ ಓಣಿಯ ಅಯ್ಯಪ್ಪನ ಹೊಲಕ್ಕೆ ಹಿಂಡು ಹೊಡೆದುಕೊಂಡು ಹೋದ. ಗೊಬ್ಬರವಾಗಲೆಂದು ರಾತ್ರಿ ಹೊಲದಲ್ಲೇ ಕುರಿ ನಿಲ್ಲಿಸಿ ತರುಬುತ್ತೇನೆ ಎಂದು ಅಯ್ಯಪ್ಪನ ಅಪ್ಪನಿಗೆ ಮೊದಲೇ ಮಾತು ಕೊಟ್ಟಿದ್ದ. ಬುತ್ತಿ ಹೊತ್ತು ಹಿಂದೆ ಬರುತ್ತಿದ್ದ ದುರುಗಮ್ಮ ದೂರದ ಬದುವಿನಿಂದ ಎಲ್ಲವನ್ನೂ ಕಂಡಳು. ಅಯ್ಯಪ್ಪ ಕೊಡಲಿಯ ಕಾವು ಎತ್ತಿದ. ಮುದುಕಪ್ಪ ಕೈ ಅಡ್ಡ ಹಿಡಿದು ಏನೋ ಹೇಳಿದ. ಪೆಟ್ಟು ತಲೆಗೆ ಬಿತ್ತು, ಮುದುಕಪ್ಪ ಅಲ್ಲೇ ಸತ್ತ. ಬೆಳೆ ಮೇಯಿಸಲು ಬಂದನೆಂದು ಹುಡುಗ ತಪ್ಪು ತಿಳಿದ ಎಂದು ಕೆಳಗಿನ ಓಣಿ ಹೇಳುತ್ತ ಬಂತು.

ಕಡೆಗೆ ಎರಡೂ ಓಣಿಗೆ ಹಗೆತನ ಸಾಕಾಯಿತು. ಹೆಣ್ಣು ಕೊಡುವವರಿಲ್ಲ, ಹೆಣ ಹೊರಲು ಆಳು ಸಾಲದು. ರಾಜಿ ಮಾಡಿಕೊಂಡರು. ಆದರೆ ರಾಯಚೂರಿನ ಕೋರ್ಟಿನಲ್ಲಿ ಕೊಲೆ ಕೇಸು ನಡೆದಿತ್ತು; ಕಣ್ಣಾರೆ ಕಂಡ ಸಾಕ್ಷಿ ದುರುಗಮ್ಮ ಒಬ್ಬಳೇ. ಮೇಲಿನ ಓಣಿಯ ಹಿರಿಯ ಹನುಮಂತ್ರಾಯ ಅವಳ ಕಟ್ಟೆಗೆ ಬಂದು ಕುಳಿತ.

"ಯಕ್ಕಾ, ನೀ ನೋಡಿಲ್ಲ ಅಂದ್ರ ಊರು ಒಂದಾಗತದ."

"ಸತ್ತಾಂವ ನನ್ನ ಗಂಡ. ಊರಿಂದೇನು ಹೋತು?"

"ಅದಕ್ಕಽ ನಿನ್ನ ಕೇಳಾಕತ್ತೀವಿ."

ದುರುಗಮ್ಮ ಗೋಡೆಗೊರಗಿದಳು. ಮೊಮ್ಮಕ್ಕಳು ಇದೇ ಓಣಿಗಳಲ್ಲಿ ಓಡಾಡಬೇಕು. "ಹಂಗಽ ಅಂತೀನಿ. ಆದ್ರ ಊರ ನಡುವ ಕಂಬಳಿ ಹಾಸಬೇಕು. ಅಯ್ಯಪ್ಪ ಭಂಡಾರ ಮುಟ್ಟಿ ಖರೇ ಹೇಳಬೇಕು." ಅವರ ಕುಲದಲ್ಲಿ ಹಾಸಿದ ಕಂಬಳಿಯ ಮೇಲೆ ಕುಳಿತು ದೇವರ ಅರಿಶಿನದ ಪುಡಿಯಾದ ಭಂಡಾರ ಮುಟ್ಟಿದವರು ಸುಳ್ಳಾಡುವಂತಿಲ್ಲ.

"ಕೇಸು ಮುಗೀಲಿ, ಮರುದಿನಾನಽ ಹಾಸ್ತೀವಿ," ಎಂದ ಹನುಮಂತ್ರಾಯ.

ಎರಡೂ ಓಣಿಯವರು ಒಂದೇ ಬಸ್ಸಿನಲ್ಲಿ ರಾಯಚೂರಿಗೆ ಹೋದರು. ದಾರಿಯಲ್ಲಿ ಮಂಡಾಳ ಒಗ್ಗರಣಿ ಹಂಚಿಕೊಂಡು ತಿಂದರು. ದುರುಗಮ್ಮ ತನ್ನ ಪಾಲನ್ನು ಪಕ್ಕದವರಿಗೆ ದಾಟಿಸಿದಳು. ಕಟಕಟೆಯಲ್ಲಿ ನಿಂತು "ನಾ ನೋಡಿಲ್ರೀ" ಎಂದಳು. ಮುಂದೆ ಅಯ್ಯಪ್ಪನ ಬಿಡುಗಡೆಯೂ ಆಯಿತು.

ಕಂಬಳಿಯನ್ನು ಮಾತ್ರ ಯಾರೂ ಹಾಸಲಿಲ್ಲ. ಕೇಳಲು ಹೋದರೆ ಹನುಮಂತ್ರಾಯ, "ಮಾಯ್ದ ಗಾಯ ಕೆದರಬ್ಯಾಡ ಯಕ್ಕಾ," ಎಂದ. ಗಾಯ ಯಾರದೆಂಬುದೇ ಆ ಮಹಾರಾಯನಿಗೆ ಮರೆತುಹೋಗಿತ್ತು.

ಒಂದು ಬೆಳಿಗ್ಗೆ ದುರುಗಮ್ಮ ತಾನೇ, ಈಗ ಎರಡೂ ಓಣಿಯವರು ಕೂಡುತ್ತಿದ್ದ ಚಹದಂಗಡಿಯ ಮುಂದೆ ಗಂಡನ ಕಂಬಳಿ ಹಾಸಿ, ಭಂಡಾರದ ಬಟ್ಟಲಿಟ್ಟು ಕುಳಿತಳು. ಜನ ಚಹ ಕುಡಿದರು, ಮುಖ ತಿರುಗಿಸಿದರು. ಬಿಸಿಲೇರಿತು. ಇನ್ನು ಎದ್ದುಬಿಡೋಣ ಎನ್ನುವಷ್ಟರಲ್ಲಿ ಅಯ್ಯಪ್ಪ ಬಂದು, ಚಪ್ಪಲಿ ಬಿಟ್ಟು, ಕಂಬಳಿಯ ಅಂಚಿಗೆ ಕುಳಿತ.

"ಏಳ್ಲೇ ಅಯ್ಯಪ್ಪ!" ಹನುಮಂತ್ರಾಯ ಅಂಗಡಿಯಿಂದಲೇ ಗದರಿದ. ಅಯ್ಯಪ್ಪ ಏಳಲಿಲ್ಲ. ಭಂಡಾರ ಮುಟ್ಟಿದ.

"ನಾನಽ ಹೊಡದೀನಿ."

"ಅದು ನಾ ಕಂಡೀನಿ. ಅವಾ ಏನಂದ?"

"ನಿಮ್ಮಪ್ಪಗ ಮಾತು ಕೊಟ್ಟೀನಿ, ಕುರಿ ತರುಬಾಕ ಬಂದೀನಿ ಅಂದ."

"ಹೊಡಿಯೂ ಮದ್ಲ ನಿನಗ ಕೇಳಿಸಿತ್ತೇನು?"

ಅಯ್ಯಪ್ಪ ತಲೆ ತಗ್ಗಿಸಿದ. "ಕೇಳಿಸಿತ್ತು, ಯವ್ವಾ."

ತಪ್ಪು ತಿಳಿದು ಹೊಡೆದ ಎನ್ನುತ್ತ ಬಂದವರೆಲ್ಲ ಅಲ್ಲೇ ಇದ್ದರು. ದುರುಗಮ್ಮ ಅವನನ್ನು ಬೈಯಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದಳು.

"ಕೋರ್ಟು ಬಿಡ್ತು, ಊರು ಬಿಡ್ತು, ನಾನೂ ಬಿಟ್ಟೀನಿ. ನೀ ಮಾತ್ರ ಮರೀಬ್ಯಾಡ."

ಕಂಬಳಿ ಅಲ್ಲೇ ಬಿಟ್ಟು ಮನೆಯ ಕಡೆ ನಡೆದಳು. ಅಯ್ಯಪ್ಪ ಅದರ ಮೇಲೆ ಹಾಗೇ ಕುಳಿತಿದ್ದ.