ನಿಪ್ಪಲ್ಲಿನ ಕತ್ತಿನ ಗೆರೆ

ಆ ಬೀದಿಯವರೆಲ್ಲ ಅವಳನ್ನು ಫೋಟೋ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತಾರು ದಾಟಿ, ಮೊಮ್ಮಗಳು ಹುಟ್ಟಿ ಎಂಟು ತಿಂಗಳಾಗಿದ್ದರೂ ಅಕ್ಕ ಅಕ್ಕನೇ. ಹುಟ್ಟಾ ಅಂಜುಬುರುಕಿ. ನಾಯಿ ಬೊಗಳಿದರೆ ಬೀದಿ ಬದಲಿಸುವಳು, ಗುಡುಗಿದರೆ ಕಿವಿ ಮುಚ್ಚಿಕೊಳ್ಳುವಳು. "ನಿಮ್ಮಮ್ಮ ತನ್ನ ನೆರಳಿಗೂ ದಾರಿ ಬಿಟ್ಟು ನಡೀತಾಳೆ" ಎಂದು ಗಂಡ ಮಗಳ ಮುಂದೆ ತಮಾಷೆ ಮಾಡುತ್ತಿದ್ದ.

ಕ್ಯಾಮೆರಾ ಹಿಡಿದಾಗ ಮಾತ್ರ ಕೈ ನಡುಗುತ್ತಿರಲಿಲ್ಲ. ಮೂವತ್ತು ವರ್ಷ ಪಾಸ್‌ಪೋರ್ಟ್ ಫೋಟೋ ತೆಗೆದು ಸಂಸಾರ ತೂಗಿಸಿದವಳು. ಎಲ್ಲರ ಕೈಗೂ ಫೋನು ಬಂದು, ಸ್ಟುಡಿಯೋದಲ್ಲಿ ನೊಣ ಹೊಡೆಯುತ್ತ ಕೂರುವಂತಾದಾಗ ಅಂಗಡಿ ಸಾಮಾನಿನ ಫೋಟೋಗೆ ಇಳಿದಳು. ಬೀಗ, ಬಾಚಣಿಗೆ, ಟಾರ್ಚು, ಏನಾದರೂ ಸರಿ. ಬಿಳಿ ಹಾಳೆಯ ಮೇಲಿಟ್ಟು ಇಕ್ಕೆಲದಲ್ಲಿ ದೀಪ ಹಚ್ಚಿದರೆ ಅದಕ್ಕೊಂದು ಕಳೆ ಬರುತ್ತಿತ್ತು. "ಬೀಗಕ್ಕೆ ನಗು ಅಂತ ಹೇಳ್ಬೇಕಾಗಿಲ್ಲ, ಅದು ಕಣ್ಣೂ ಮುಚ್ಚಲ್ಲ" ಎನ್ನುತ್ತಿದ್ದಳು.

ಒಂದು ಬುಧವಾರ ಬೆಳಿಗ್ಗೆ, ಮಕ್ಕಳ ಸಾಮಾನಿನ ವ್ಯಾಪಾರಿ ಕಳಿಸಿದ ಡಬ್ಬ ಬಂತು. ಒಳಗೆ ಬಣ್ಣಬಣ್ಣದ ನಿಪ್ಪಲ್ಲುಗಳು. ಹಾಲಿನ ಬಾಟಲಿಗೆ ಹಾಕುವವಲ್ಲ. ಮಗು ರಚ್ಚೆ ಹಿಡಿದಾಗ ಚೀಪಿಕೊಂಡು ಸುಮ್ಮನಿರಲೆಂದು ಬಾಯಿಗೆ ಕೊಡುವವು. ಹಿಂದೆ ಒಂದು ಉಂಗುರ, ನಡುವೆ ಚಿಟ್ಟೆಯಾಕಾರದ ಪ್ಲಾಸ್ಟಿಕ್ ಬಿಲ್ಲೆ, ಮುಂದೆ ಮೆತ್ತನೆಯ ರಬ್ಬರ್ ತೊಟ್ಟು. ಇಂಥದೇ ಹಳದಿಯದೊಂದನ್ನು ವ್ಯಾಪಾರಿ ಮೂರು ವಾರದ ಹಿಂದೆ ಸ್ಯಾಂಪಲ್ ಎಂದು ಕೊಟ್ಟಿದ್ದ. ಅದೀಗ ಮೊಮ್ಮಗಳ ಬಾಯಿ ಬಿಟ್ಟು ಇಳಿಯುತ್ತಿರಲಿಲ್ಲ.

ಆ ರಬ್ಬರಿನ ಫೋಟೋ ತೆಗೆಯುವುದು ಸುಲಭವಲ್ಲ. ಎದುರಿನಿಂದ ಬೆಳಕು ಬಿಟ್ಟರೆ ಬರೀ ಹೊಳಪು, ಧೂಳಂತೂ ಕರೆದು ಕೂರಿಸಿದಂತೆ ಅಂಟಿಕೊಳ್ಳುತ್ತದೆ. ಅಕ್ಕ ಹಳದಿ ನಿಪ್ಪಲ್ಲನ್ನು ನಿಲ್ಲಿಸಿ, ಹಿಂದಿನಿಂದ ದೀಪ ಹಾಕಿ, ತೀರ ಹತ್ತಿರದಿಂದ ತೆಗೆಯುವ ಲೆನ್ಸು ಸಿಕ್ಕಿಸಿದಳು. ರಬ್ಬರು ಬಿಲ್ಲೆಗೆ ಸೇರುವ ಕತ್ತಿನಲ್ಲಿ ಒಂದು ಗೆರೆ ಕಂಡಿತು. ಕೂದಲೆಂದುಕೊಂಡು ಬ್ರಷ್ಷಿನಿಂದ ಸವರಿದಳು. ಹೋಗಲಿಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಪಟಕ್ಕನೆ ರಬ್ಬರು ಕಿತ್ತು ಕೈಗೇ ಬಂತು.

ದ್ರಾಕ್ಷಿಯಷ್ಟು ದಪ್ಪ. ಜಾರುವಂಥದು.

ಅಕ್ಕ ಡಬ್ಬದಲ್ಲಿದ್ದ ಹಳದಿಯವನ್ನೆಲ್ಲ ಎಳೆದು ನೋಡಿದಳು. ಇನ್ನೂ ಎರಡು ಕಿತ್ತುಬಂದವು. ಮೊಮ್ಮಗಳಿಗೆ ಕೆಳಗಡೆ ಎರಡು ಹಲ್ಲು ಬಂದಿವೆ, ಅಗಿಯುತ್ತಾಳೆ. ಮಗಳು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವನು ಗಂಡ. ಮನೆಗೆ ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಗಂಡ ಎತ್ತಲಿಲ್ಲ. ಮಗಳು ಕೆಲಸದ ಹೊತ್ತಿನಲ್ಲಿ ಫೋನನ್ನು ಬೀರುವಿನಲ್ಲಿಟ್ಟಿರುತ್ತಾಳೆ. ಪಕ್ಕದ ಮನೆಯವರು ಊರಿಗೆ ಹೋಗಿದ್ದರು.

ಸ್ಟುಡಿಯೋ ಬಾಗಿಲನ್ನೂ ಹಾಕದೆ ಓಡಿದಳು. ಹತ್ತಿದ ಬಸ್ಸು ಎರಡು ಸ್ಟಾಪು ಹೋಗಿ ಸಿಗ್ನಲ್ಲಿನಲ್ಲಿ ನಿಂತಿತು.

"ಬಾಗಿಲು ತೆಗೀರಪ್ಪ, ಇಳೀತೀನಿ!"

"ಸ್ಟಾಪ್ ಬರ್ಲಿ ಇರಿ ಅಮ್ಮ" ಎಂದ ಕಂಡಕ್ಟರ್.

"ನನ್ನ ಮಗುಗೆ ಉಸಿರು ಕಟ್ಟಿದೆ!"

ಹಾಗೆ ಬಾಯಲ್ಲಿ ಬಂದದ್ದೇ ತಡ, ಅದು ನಿಜವೇ ಆಗಿಹೋಯಿತೆನ್ನಿಸಿತು. ಬಾಗಿಲು ತೆರೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಒಂದು ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ.

ಮನೆಯ ಬಾಗಿಲು ಮುಂದಕ್ಕೆ ಹಾಕಿತ್ತಷ್ಟೇ. ಗಂಡ ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ಮಗು ಅವನ ತೊಡೆಯ ಮೇಲೆ ಅಲುಗಾಡದೆ ಬಿದ್ದಿತ್ತು. ಪಕ್ಕದಲ್ಲೇ ಹಳದಿ ಬಿಲ್ಲೆ. ಅದಕ್ಕೆ ರಬ್ಬರು ಇರಲಿಲ್ಲ.

ಅಕ್ಕ ತೆವಳಿಕೊಂಡು ಹೋಗಿ ಮಗುವಿನ ಮೂಗಿನ ಬಳಿ ಬೆರಳಿಟ್ಟಳು. ಬಿಸಿ ಉಸಿರು ತಾಗಿತು. ಆದರೂ ನಂಬಿಕೆ ಬರದೆ ಎದೆಗೆ ಕಿವಿಯಿಟ್ಟಳು.

"ಮಲಗಿದೆ ಕಣೇ, ಎಬ್ಬಿಸ್ಬೇಡ" ಎಂದ ಗಂಡ. ದನಿ ಅವನದಲ್ಲವೆಂಬಂತಿತ್ತು.

"ರಬ್ಬರ್ ಎಲ್ರೀ? ರಬ್ಬರ್ ಎಲ್ಲಿ?"

ಅವನು ಅಂಗಿ ಜೇಬಿನಿಂದ ತೆಗೆದು ತೋರಿಸಿದ. "ಒಂದೇ ಸಲ ಕೆಮ್ತು. ಆಮೇಲೆ ಸದ್ದೇ ಇಲ್ಲ. ಮುಖ ನೀಲಿ ಆಯ್ತು. ಮಗ್ಚಿ ಹಾಕ್ಕೊಂಡು ಬೆನ್ನಿಗೆ ಹೊಡೆದೆ. ಎಷ್ಟು ಹೊಡೆದ್ನೋ ಗೊತ್ತಿಲ್ಲ. ಬಿತ್ತು."

"ಫೋನ್ ಯಾಕೆ ಎತ್ಲಿಲ್ಲ?"

"ನೀನೇ ಅಂತ ಗೊತ್ತಾಯ್ತು. ನಿಂಗೇನಂತ ಹೇಳ್ಲಿ? ಕೈ ನೋಡು."

ಹೆಂಡತಿಯ ಅಂಜಿಕೆಯನ್ನು ಆಡಿಕೊಂಡು ನಗುತ್ತಿದ್ದ ಮನುಷ್ಯನ ಕೈ ಗಾಳಿಗೆ ಸಿಕ್ಕ ಹಾಳೆಯಂತೆ ಅದುರುತ್ತಿತ್ತು. ಅಕ್ಕ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಬ್ಬರೂ ಮಗುವನ್ನೆತ್ತಿಕೊಂಡು ಡಾಕ್ಟರ ಬಳಿ ಓಡಿದರು. ಡಾಕ್ಟರು ಗಂಟಲು, ಎದೆ ಎಲ್ಲ ನೋಡಿ, ಏನೂ ತೊಂದರೆಯಿಲ್ಲ ಎಂದರು. ಬೆನ್ನ ಮೇಲೆ ಮಾತ್ರ ತಾತನ ಬೆರಳುಗಳು ಕೆಂಪಗೆ ಮೂಡಿದ್ದವು.

ಸಂಜೆ ವ್ಯಾಪಾರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವನು ಲೊಚಗುಟ್ಟಿದ. "ಮಗು ಹುಷಾರಾಗಿದೆ ತಾನೇ? ಎಲ್ಲೋ ಒಂದೆರಡು ಪೀಸ್ ಹಾಗಿರುತ್ತೆ. ನೀವು ಫೋಟೋದಲ್ಲಿ ಆ ಗೆರೆ ಅಳಿಸಿಬಿಡಿ ಅಕ್ಕ, ನಾಳೆ ಆನ್‌ಲೈನ್‌ನಲ್ಲಿ ಹಾಕ್ಬೇಕು."

"ಅಳಿಸಲ್ಲ."

"ಹಾಗಂದ್ರೆ ಮುಂದೆ ಕೆಲಸ ಹೇಗೆ ಕೊಡ್ಲಿ?"

"ಕೊಡ್ಬೇಡಿ" ಎಂದಳು. ಫೋನು ಕೆಳಗಿಟ್ಟ ಮೇಲೆ ಅಂಜಿಕೆ ಹತ್ತಿತು. ದೊಡ್ಡ ವ್ಯಾಪಾರಿ, ಹತ್ತು ಕಡೆ ಮಾತು ನಡೆಯುವವನು.

ಮರುದಿನ ಕಿತ್ತ ನಾಲ್ಕೂ ರಬ್ಬರನ್ನು ಬಿಳಿ ಹಾಳೆಯ ಮೇಲೆ ಸಾಲಾಗಿಟ್ಟು, ಪಕ್ಕದಲ್ಲೊಂದು ಅಳತೆಪಟ್ಟಿಯಿಟ್ಟು ಫೋಟೋ ತೆಗೆದಳು. ಮೊಮ್ಮಗಳದರ ಮೇಲೆ ಹಲ್ಲಿನ ಗುರುತು ಸ್ಪಷ್ಟವಾಗಿ ಬಿತ್ತು. ಆ ಫೋಟೋಗಳನ್ನು ನಿಪ್ಪಲ್ಲು ತಯಾರಿಸಿದ ಕಂಪನಿಗೂ, ಗ್ರಾಹಕರ ದೂರು ಕೇಳುವ ಕಚೇರಿಗೂ ಕಳಿಸಿದಳು. ಎರಡು ವಾರ ಯಾರೂ ತುಟಿ ಬಿಚ್ಚಲಿಲ್ಲ. ಆ ಎರಡು ವಾರ ಅವಳು ಬಾಗಿಲ ಸದ್ದಿಗೆಲ್ಲ ಬೆಚ್ಚಿದಳು. ಮೂರನೆಯ ವಾರ ಕಚೇರಿಯಿಂದ ಒಬ್ಬ ಹೆಂಗಸು ಬಂದು ಡಬ್ಬವನ್ನೇ ಒಯ್ದಳು. ತಿಂಗಳೊಳಗೆ ಹಳದಿ ನಿಪ್ಪಲ್ಲುಗಳನ್ನೆಲ್ಲ ಅಂಗಡಿಗಳಿಂದ ವಾಪಸ್ ತರಿಸಿಕೊಂಡರು.

ವ್ಯಾಪಾರಿ ಮತ್ತೆ ಕೆಲಸ ಕೊಡಲಿಲ್ಲ. ಅಕ್ಕ ಈಗ ಕನ್ನಡಕದಂಗಡಿಗಳಿಗೆ ಫ್ರೇಮುಗಳ ಫೋಟೋ ತೆಗೆಯುತ್ತಾಳೆ. ನಿಪ್ಪಲ್ಲಿಲ್ಲದೆ ನಾಲ್ಕು ದಿನ ಅತ್ತು ಮನೆ ತಲೆಯ ಮೇಲೆ ಹೊತ್ತುಕೊಂಡ ಮೊಮ್ಮಗಳು ಐದನೆಯ ದಿನ ತನ್ನ ಹೆಬ್ಬೆರಳನ್ನು ಕಂಡುಕೊಂಡಳು.