ಕುಸುನೋಕಿಯವರ ಮುದ್ರೆ

ಕೊಬೆಯಲ್ಲಿ ನಮ್ಮದು ಅಂಗಿಗುಂಡಿ ತರಿಸಿ ಮಾರುವ ಕಂಪನಿ. ಗುಂಡಿಗಳು ಚೀನಾದ ಚಿಂಗ್‌ಡಾವ್‌ನಿಂದ ಬರುತ್ತವೆ. ತಿಂಗಳ ವರದಿ ಓದಿ ಸಹಿಯ ಬದಲು ತಮ್ಮ ಹೆಸರಿನ ಮುದ್ರೆ ಒತ್ತುವುದು ಪಕ್ಕದ ಮೇಜಿನ ಕುಸುನೋಕಿ ಫುಮಿಯೆ ಅವರ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಅವರು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

ಕಳೆದ ವಸಂತದಲ್ಲಿ ಟೋಕಿಯೋದ ಮುಖ್ಯ ಕಚೇರಿಯವರು ಹೊಸ ಸಾಫ್ಟ್‌ವೇರ್ ಹಾಕಿಸಿದರು. ಹಳೆಯ ವರದಿಯಲ್ಲಿ ಪ್ರತಿ ಮೊತ್ತದ ಮುಂದೆ ಯೆನ್ ಆದರೆ ಜೆಪಿವೈ, ಯುವಾನ್ ಆದರೆ ಸಿಎನ್‌ವೈ ಎಂದು ಮೂರು ಅಕ್ಷರ ಇರುತ್ತಿತ್ತು. ಹೊಸದರಲ್ಲಿ ನಮ್ಮ ಯೆನ್‌ಗೂ ಚೀನಾದ ಯುವಾನ್‌ಗೂ ಒಂದೇ ¥ ಗುರುತು. ಯುವಾನ್ ಒಂದಕ್ಕೆ ಯೆನ್ ಇಪ್ಪತ್ತು.

ಕುಸುನೋಕಿಯವರು ಮುದ್ರೆ ಒತ್ತಲಿಲ್ಲ. ಮ್ಯಾನೇಜರ್ ಇಬುಕಿ ಬಂದರು.

“ಏನ್ ಕುಸುನೋಕಿ ಸಾನ್, ಯಾವುದು ಯೆನ್ನು, ಯಾವುದು ಯುವಾನು ಅಂತ ಇಲ್ಲಿ ಎಲ್ಲರಿಗೂ ಗೊತ್ತಲ್ವಾ?”

“ಗೊತ್ತಿರೋರಿಗೆ ವರದಿ ಯಾಕೆ ಬೇಕು, ಇಬುಕಿ ಸಾನ್?”

“ಮೂರಕ್ಷರ ಹಾಕಿದ್ರೆ ಕಾಲಂನಲ್ಲಿ ಜಾಗ ಸಾಲಲ್ಲವಂತೆ.”

“ಹಾಗಾದ್ರೆ ನನ್ನ ಮುದ್ರೆಗೂ ಜಾಗ ಇಲ್ಲ.”

ಎಲ್ಲ ಸಾಲುಗಳಲ್ಲೂ ಕೆಂಪು ಪೆನ್ನಿನಿಂದ ಅಕ್ಷರ ಬರೆದು, ಆಮೇಲೆ ಮುದ್ರೆ ಒತ್ತಿ ಕಳಿಸಿದರು. ಟೋಕಿಯೋದಿಂದ ವಾಪಸು ಬಂತು. ಮತ್ತೆ ಬರೆದರು, ಮತ್ತೆ ಬಂತು. ಮೂರನೇ ಸಲ ಅವರನ್ನು ನೆಲಮಾಳಿಗೆಗೆ, ಮಾದರಿ ಗುಂಡಿ ವಿಂಗಡಿಸುವ ಕೆಲಸಕ್ಕೆ ಹಾಕಿದರು. ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ.

“ಒಂದು ಮುದ್ರೆ ತಾನೇ, ಒತ್ತಿಬಿಡಿ. ಎರಡು ವರ್ಷದಲ್ಲಿ ನಿವೃತ್ತಿ,” ಎಂದೆ.

“ಅದರಲ್ಲಿ ಇರೋದು ನನ್ನ ಹೆಸರು ಕಣೆ,” ಎಂದು ಉಪ್ಪಿನಕಾಯಿ ಪ್ಲಮ್ಮಿನ ಬೀಜ ಉಗಿದರು.

ನನ್ನ ಮೇಜಿಗೆ ವರದಿ ಬಂತು. ನನ್ನ ಮುದ್ರೆ ನಾನು ಒತ್ತಿದೆ.

ಅದೇ ತಿಂಗಳು ಚಿಂಗ್‌ಡಾವ್‌ನಿಂದ ನಮಗೆ ಗುಂಡಿ ಕಳಿಸುವ ಲುವಾನ್ ಮೇಡಂ ಫೋನ್ ಮಾಡಿದರು. ನಾನು ಒತ್ತಿದ ವರದಿ ನೋಡಿ ಟೋಕಿಯೋದವರು ಹಣ ಕಳಿಸಿದ್ದರು; ನಲವತ್ತೆಂಟು ಸಾವಿರ ಯುವಾನ್ ಬರಬೇಕಾದಲ್ಲಿ ನಲವತ್ತೆಂಟು ಸಾವಿರ ಯೆನ್ ಸೇರಿತ್ತು.

“ಇದೇನು, ಗುಂಡಿ ಬಿಟ್ಟು ಬರೀ ತೂತಿನ ದುಡ್ಡು ಕಳಿಸಿದ್ದೀರಾ?”

ಮರುದಿನ ಇಬುಕಿ ನೆಲಮಾಳಿಗೆಗೆ ಇಳಿದರು. “ನಾಳೆಯಿಂದ ಮೇಲೆ ಬನ್ನಿ.”

“ಅಕ್ಷರ?”

“ಮುಂದಿನ ತಿಂಗಳು ಹಾಕ್ತಾರಂತೆ.”

“ನಾನೂ ಮುಂದಿನ ತಿಂಗಳೇ ಬರ್ತೀನಿ.”

ಹಾಗೆಯೇ ಮಾಡಿದರು. ಮೂರು ಅಕ್ಷರಗಳಿದ್ದ ಹೊಸ ವರದಿಯನ್ನು ಇಬುಕಿ ತಾವೇ ತಂದು ಮೇಜಿನ ಮೇಲಿಟ್ಟು ನಿಂತರು. ಕುಸುನೋಕಿಯವರು ನಿಧಾನವಾಗಿ ಓದಿದರು. ಯೆನ್ ಮೊತ್ತಗಳ ಕೊನೆಯಲ್ಲೆಲ್ಲ ಒಂದು ಚುಕ್ಕಿ, ಎರಡು ಸೊನ್ನೆ, ಯೆನ್‌ಗೂ ಪೈಸೆ ಇದ್ದ ಹಾಗೆ.

“ಯೆನ್‌ಗಿಂತ ಚಿಕ್ಕ ಕಾಸು ನಿಮ್ಮ ಜೇಬಲ್ಲಿ ಇದ್ರೆ ತೋರಿಸಿ,” ಎಂದು ಕಾಗದವನ್ನು ಅವರ ಕಡೆಗೇ ತಳ್ಳಿದರು.