ಉಂಗುರದ ಮೊಹರು

ಕಾರವಾರದ ಕಡಲಜೀವಿ ಸಂಗ್ರಹಾಲಯವೊಂದರ ಕಾವಲುಗಾರ, ಬೇಲೆಕೇರಿಯ ದುರ್ಗಪ್ಪನಿಗೆ ಗಾಜಿನ ಪೆಟ್ಟಿಗೆಯೊಳಗಿದ್ದ ಸತ್ತ ಸೀಲ್ ಪ್ರಾಣಿಯೆಂದರೆ ಮನೆಯ ಕೂಸಿದ್ದಂತೆ. ಉತ್ತರಧ್ರುವದ ಸೀಲ್‌ಗಳಲ್ಲೆಲ್ಲ ಚಿಕ್ಕದು. ಮೈಮೇಲೆ ಉಂಗುರದಂಥ ಗುರುತುಗಳಿರುವುದರಿಂದ ಇಂಗ್ಲಿಷಿನಲ್ಲಿ ಅದು 'ರಿಂಗ್ಡ್ ಸೀಲ್'. ಸೀಲ್ ಎಂದರೆ ಠಸ್ಸೆಯೆಂದೇ ತಿಳಿದ ಕಚೇರಿಯ ಪುಣ್ಯಾತ್ಮನೊಬ್ಬ ಫಲಕದ ಮೇಲೆ 'ಉಂಗುರದ ಮೊಹರು' ಎಂದು ಬರೆಸಿಬಿಟ್ಟಿದ್ದ. ಅಂದಿನಿಂದ ದುರ್ಗಪ್ಪನಿಗೆ ಊಟ ರುಚಿಸಿದ್ದಿಲ್ಲ. ಬಂದವರನ್ನೆಲ್ಲ ಬಾಗಿಲಲ್ಲೇ ತಡೆದು, "ಅಕ್ಕೋರೇ, ಫಲಕ ಓದಬೇಡಿ, ನಾ ಹೇಳ್ತೆ. ಇದು ಠಸ್ಸೆ ಹೊಡಿಯೋ ಮೊಹರಲ್ಲ, ಪ್ರಾಣಿ. ಶಾಸ್ತ್ರದ ಹೆಸರು ಹಿಸ್ಪಿಡಾ, ಅಂದ್ರೆ ಒರಟು ಕೂದಲಿಂದು" ಎನ್ನುತ್ತಿದ್ದ. ಕೇಳದೆ ಹೋದವರನ್ನು ಬಸ್ ನಿಲ್ದಾಣದವರೆಗೂ ಹಿಂಬಾಲಿಸಿ ಹೇಳಿದ್ದುಂಟು. ಹೊಸ ಫಲಕಕ್ಕಾಗಿ ಅವನು ಒಂಬತ್ತು ವರ್ಷ ಬರೆದ ಅರ್ಜಿಗಳನ್ನು ಹರವಿದ್ದರೆ ಆ ಪ್ರಾಣಿಗೊಂದು ಹಾಸಿಗೆಯೇ ಆಗುತ್ತಿತ್ತು. ನಿವೃತ್ತಿಯ ದಿನ ಏನು ಉಡುಗೊರೆ ಬೇಕೆಂದು ಮೇಲಧಿಕಾರಿ ಪೂರ್ಣಿಮಾ ಕೇಳಿದಾಗಲೂ ಅವನು ಕೇಳಿದ್ದು ಫಲಕವನ್ನೇ. ಅವರು ಒಪ್ಪಿಕೊಂಡು ಸನ್ಮಾನಪತ್ರವನ್ನು ಅವನ ಕೈಗಿತ್ತರು. ಅದರಲ್ಲಿ ಅವನ ಹೆಸರು 'ದರ್ಗಪ್ಪ' ಎಂದು ಅಚ್ಚಾಗಿತ್ತು. ಪೂರ್ಣಿಮಾ ನಾಚಿಕೊಂಡು, ಈಗಲೇ ತಿದ್ದಿಸಿಕೊಡುತ್ತೇನೆಂದು ಪತ್ರಕ್ಕೆ ಕೈಚಾಚಿದರು. ದುರ್ಗಪ್ಪ ಅದನ್ನು ಮಡಚಿ ಕಿಸೆಗಿಟ್ಟುಕೊಂಡ. "ಇರ್ಲಿ ಬಿಡಿ ಮೇಡಂ. ನನ್ನ ಹೆಸ್ರು ಸರಿಯಾಗಿ ಹೇಳೂಕೆ ನಂಗೆ ಬಾಯಿದೆ. ಮೊದ್ಲು ಅದ್ರದ್ದು ಮಾಡಿ."